ಬಾಗಿಲು ತೆರೆದ ಮೇಲೆ: ಅಮೆರಿಕದ ಸಮುದಾಯ ಕಾಲೇಜೂ ವಿದ್ಯಾರ್ಥಿಯ ಸಾಫಲ್ಯವೂ

(ದತ್ತಿ ಉಪನ್ಯಾಸದ ಮುದ್ರಿತ ಪಾಠ)



ಈ ದತ್ತಿಯು ಬಡ ಮಕ್ಕಳ ವಿದ್ಯಾಭ್ಯಾಸಕ್ಕೆ ನೆರವಾಗಬೇಕೆಂಬ ಸದಿಚ್ಛೆಯಿಂದ ಹುಟ್ಟಿದುದು. ವಿಷಯವನ್ನು ಆರಿಸಿಕೊಳ್ಳುವ ಸ್ವಾತಂತ್ರ್ಯವನ್ನು ವ್ಯವಸ್ಥಾಪಕ ಮಂಡಲಿಯು ನನಗೇ ಬಿಟ್ಟುಕೊಟ್ಟುದರಿಂದ, ದೂರದೇಶದ್ದಾದರೂ ಈ ದತ್ತಿಯ ಉದ್ದೇಶಕ್ಕೆ ಬಹಳ ಹತ್ತಿರವಾದ ಒಂದು ವಿಷಯವನ್ನು ಆರಿಸಿಕೊಂಡಿದ್ದೇನೆ. ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ಸಮುದಾಯ ಕಾಲೇಜುಗಳೆಂದು ಹೆಸರಾಗಿರುವ ಸುಮಾರು ಸಾವಿರ ಸಂಸ್ಥೆಗಳು, ತಮ್ಮಲ್ಲಿಗೆ ಬಂದ ವಿದ್ಯಾರ್ಥಿ ಓದನ್ನು ಮುಗಿಸಿ ಬಾಳಿನಲ್ಲಿ ನೆಲೆಗೊಳ್ಳುವಂತೆ ಮಾಡಲು ಕಳೆದ ಇಪ್ಪತ್ತು ವರ್ಷಗಳಿಂದ ಯಾವ ದೀರ್ಘಕಾಲದ ಗುರಿಗಳನ್ನು ಹಾಕಿಕೊಂಡಿವೆ, ಅವುಗಳಲ್ಲಿ ಯಾವುವು ಫಲಿಸಿವೆ, ಯಾವುವು ಇನ್ನೂ ನಮ್ಮ ವಿಚಾರವನ್ನು ಬೇಡುತ್ತವೆ ಎಂಬುದೇ ನನ್ನ ಇಂದಿನ ಪ್ರತಿಪಾದ್ಯ.

ಆ ಕಾಲೇಜುಗಳ ಚರಿತ್ರೆಯನ್ನು ಸಮಗ್ರವಾಗಿ ನಿರೂಪಿಸುವುದು ನನ್ನ ಉದ್ದೇಶವಲ್ಲ. ಅವುಗಳ ಹುಟ್ಟನ್ನು ಸ್ವಲ್ಪದರಲ್ಲಿ ಹೇಳಿ, ಅಲ್ಲಿಂದ ಮುಂದೆ ಸಿದ್ಧತಾ ತರಗತಿಗಳ ವಿಚಾರವನ್ನೂ, ಪಾಠವಿಷಯಗಳ ಆಯ್ಕೆಯ ವಿಚಾರವನ್ನೂ, ವಿದ್ಯಾರ್ಥಿಯ ನಿತ್ಯಜೀವನದ ಕಷ್ಟಗಳ ವಿಚಾರವನ್ನೂ ತೆಗೆದುಕೊಂಡು, ಕಡೆಯಲ್ಲಿ ಗುರಿಗಳನ್ನು ಅಂಕಿಗಳಾಗಿ ಬರೆಯುವುದರಲ್ಲಿರುವ ಲಾಭವನ್ನೂ ಅಪಾಯವನ್ನೂ ಪರಿಶೀಲಿಸುತ್ತೇನೆ.

1901ರಲ್ಲಿ ಇಲಿನಾಯ್ ಪ್ರಾಂತದ ಜೋಲಿಯೆಟ್ ಎಂಬ ಊರಿನಲ್ಲಿ, ಅಲ್ಲಿಯ ಹೈಸ್ಕೂಲಿನ ಮುಖ್ಯಾಧಿಕಾರಿಯಾಗಿದ್ದ ಜೆ. ಸ್ಟ್ಯಾನ್ಲಿ ಬ್ರೌನ್ ಅವರೂ ಚಿಕಾಗೋ ವಿಶ್ವವಿದ್ಯಾನಿಲಯದ ಅಧ್ಯಕ್ಷರಾಗಿದ್ದ ವಿಲಿಯಂ ರೇನಿ ಹಾರ್ಪರ್ ಅವರೂ ಕೂಡಿ ಆಲೋಚಿಸಿ, ಹೈಸ್ಕೂಲು ಮುಗಿಸಿದ ಹುಡುಗರು ಊರನ್ನು ಬಿಡದೆಯೇ ಕಾಲೇಜಿನ ಮೊದಲೆರಡು ವರ್ಷಗಳ ಪಾಠವನ್ನು ಕಲಿಯುವಂಥ ಏರ್ಪಾಟೊಂದನ್ನು ಮಾಡಿದರು. ಆರು ಮಂದಿ ವಿದ್ಯಾರ್ಥಿಗಳಿಂದ ಆರಂಭವಾದ ಆ ಕಾಲೇಜು ಇಂದಿಗೂ ನಡೆಯುತ್ತಿದೆ. ಹಾರ್ಪರ್ ಅವರ ಮನಸ್ಸಿನಲ್ಲಿದ್ದುದು ಬಡವರ ಉದ್ಧಾರವೊಂದೇ ಅಲ್ಲ. ವಿಶ್ವವಿದ್ಯಾನಿಲಯವು ಪ್ರಾಥಮಿಕ ಸ್ವರೂಪದ ಬೋಧನೆಯ ಹೊರೆಯನ್ನು ಇಳಿಸಿಕೊಂಡು ಉನ್ನತ ವ್ಯಾಸಂಗಕ್ಕೂ ಸಂಶೋಧನೆಗೂ ತನ್ನನ್ನು ತೆತ್ತುಕೊಳ್ಳಬೇಕೆಂಬ ಆಶಯವೂ ಅವರಿಗಿತ್ತು. ವಿದ್ಯಾರ್ಥಿಯನ್ನು ಹತ್ತಿರಕ್ಕೆ ಕರೆಯುವ ಇಚ್ಛೆ, ಅವನನ್ನು ದೊಡ್ಡ ಸಂಸ್ಥೆಯಿಂದ ದೂರವಿಡುವ ಇಚ್ಛೆ, ಇವೆರಡೂ ಈ ಕಾಲೇಜುಗಳ ಜನ್ಮದಲ್ಲಿಯೇ ಒಟ್ಟಿಗೆ ಸೇರಿಕೊಂಡಿದ್ದುವೆಂಬುದನ್ನು ನಾವು ಮರೆಯತಕ್ಕುದಲ್ಲ.

ಎರಡನೆಯ ಮಹಾಯುದ್ಧವು ಮುಗಿದ ಮೇಲೆ, ಯುದ್ಧದಿಂದ ಮರಳಿದವರ ಓದಿಗೆ ಹಣ ಒದಗಿಸುವ 1944ರ ಶಾಸನದ ನೆರವಿನಿಂದ ಲಕ್ಷಾಂತರ ಮಂದಿ ಸೈನಿಕರು ಕಾಲೇಜುಗಳಿಗೆ ಬಂದರು. 1947ರಲ್ಲಿ ಅಧ್ಯಕ್ಷ ಟ್ರೂಮನ್ನರು ನೇಮಿಸಿದ್ದ ಉನ್ನತ ಶಿಕ್ಷಣದ ಆಯೋಗವು, ಜನರಲ್ಲಿ ನೂರಕ್ಕೆ 49 ಮಂದಿಯಾದರೂ ಹದಿನಾಲ್ಕು ವರ್ಷಗಳ ಶಿಕ್ಷಣವನ್ನು ಪೂರೈಸುವಷ್ಟು ಬುದ್ಧಿಶಕ್ತಿಯುಳ್ಳವರೆಂದು ಅಂದಾಜುಮಾಡಿ, ಊರೂರಿಗೂ ಇಂಥ ಕಾಲೇಜುಗಳು ಬೇಕೆಂದು ವಾದಿಸಿತು. 1960ರಲ್ಲಿ ಕ್ಯಾಲಿಫೋರ್ನಿಯಾ ಪ್ರಾಂತವು ತನ್ನ ಉನ್ನತ ಶಿಕ್ಷಣಕ್ಕೆಲ್ಲ ಒಂದು ಮಹಾಯೋಜನೆಯನ್ನು ರೂಪಿಸಿದಾಗ, ಹೈಸ್ಕೂಲಿನಲ್ಲಿ ಅಗ್ರಸ್ಥಾನ ಪಡೆದ ಎಂಟನೆಯ ಒಂದು ಭಾಗದವರು ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯಕ್ಕೂ, ಮೂರನೆಯ ಒಂದು ಭಾಗದವರು ಸ್ಟೇಟ್ ಕಾಲೇಜುಗಳಿಗೂ ಅರ್ಹರೆಂದು ನಿಗದಿಮಾಡಿ, ಉಳಿದವರೆಲ್ಲರಿಗೂ ಎರಡು ವರ್ಷದ ಕಾಲೇಜಿನ ಬಾಗಿಲನ್ನು ತೆರೆದಿಟ್ಟಿತು. ಅಂಕವನ್ನು ಕೇಳದೆ, ವಯಸ್ಸನ್ನು ಕೇಳದೆ, ಬಂದವರನ್ನೆಲ್ಲ ಸೇರಿಸಿಕೊಳ್ಳುವ ಉನ್ನತ ಶಿಕ್ಷಣದ ಸಂಸ್ಥೆಗಳನ್ನು ಇಷ್ಟು ದೊಡ್ಡ ಪ್ರಮಾಣದಲ್ಲಿ ಕಟ್ಟಿ ನಿಲ್ಲಿಸಿದುದು ಇಪ್ಪತ್ತನೆಯ ಶತಮಾನದ ಮಹತ್ಕಾರ್ಯಗಳಲ್ಲೊಂದೆಂದು ನಾನು ಭಾವಿಸುತ್ತೇನೆ.

ಆದರೆ ಅದೇ 1960ರಲ್ಲಿ ಬರ್ಟನ್ ಕ್ಲಾರ್ಕ್ ಎಂಬ ಸಮಾಜಶಾಸ್ತ್ರಜ್ಞರು, ಸ್ಯಾನ್ ಹೋಸೆಯ ಇಂಥದೊಂದು ಕಾಲೇಜನ್ನು ನಿಕಟವಾಗಿ ಪರಿಶೀಲಿಸಿ, ಮನಸ್ಸನ್ನು ಕಲಕುವಂಥ ಒಂದು ಪ್ರಬಂಧವನ್ನು ಪ್ರಕಟಿಸಿದರು. ವಿಶ್ವವಿದ್ಯಾನಿಲಯದ ಪದವಿಯನ್ನು ಪಡೆಯುವ ಹಂಬಲದಿಂದ ಬಂದ ಹುಡುಗನೊಬ್ಬನಿಗೆ ಮೊದಲು ಪ್ರವೇಶ ಪರೀಕ್ಷೆಯ ಫಲಿತಾಂಶವನ್ನು ತೋರಿಸಲಾಗುವುದು. ಆಮೇಲೆ ಸಲಹೆಗಾರರು ಅವನನ್ನು ಕೂರಿಸಿಕೊಂಡು, ಅವನ ಯೋಗ್ಯತೆಗೆ ತಕ್ಕ ಮತ್ತೊಂದು ಗುರಿಯಿರಬಹುದಲ್ಲವೆ ಎಂದು ಮೃದುವಾಗಿ ಸೂಚಿಸುವರು. ಕಡಮೆ ಅಂಕಗಳು ಬಂದೊಡನೆ ಕಡತದಲ್ಲೊಂದು ಟಿಪ್ಪಣಿ ಸೇರುವುದು. ಹೀಗೆ ಯಾರೂ ಹೊರಗೆ ನೂಕದೆಯೇ, ತಾನೇ ಅಸಮರ್ಥನೆಂದು ಹುಡುಗನು ನಂಬಿಕೊಂಡು ಹಿಂದೆ ಸರಿಯುವನು. ಸಂಸ್ಥೆಯ ಕೀರ್ತಿಗೆ ಕುಂದಿಲ್ಲ, ಸಮಾಜದ ಸಮಾನತೆಯ ಘೋಷಣೆಗೂ ಭಂಗವಿಲ್ಲ. ಸೋಲಿನ ಭಾರವೆಲ್ಲ ವಿದ್ಯಾರ್ಥಿಯ ಹೆಗಲಿನದು. ಇಂದಿನ ದೀರ್ಘಕಾಲದ ಗುರಿಗಳೆಲ್ಲವೂ, ನನ್ನ ಅಭಿಪ್ರಾಯದಲ್ಲಿ, ಆ ಭಾರವನ್ನು ವಿದ್ಯಾರ್ಥಿಯ ಹೆಗಲಿನಿಂದ ತೆಗೆದು ಸಂಸ್ಥೆಯ ಹೆಗಲಿಗೆ ವರ್ಗಾಯಿಸುವ ಪ್ರಯತ್ನಗಳು. ನಾನು ಹೇಳಬೇಕೆಂದಿರುವುದರ ತಿರುಳೂ ಅದೇ.

ಕ್ಲಾರ್ಕರ ಮಾತು ಆಡಳಿತಗಾರರ ಕಿವಿಗೆ ತಲಪಲು ಬಹಳ ಕಾಲ ಹಿಡಿಯಿತು. ಎಷ್ಟು ಮಂದಿ ಸೇರಿದರೆಂಬುದನ್ನು ಎಣಿಸಿ ಅನುದಾನ ಕೊಡುವ ಪದ್ಧತಿಯಿದ್ದಾಗ, ಎಷ್ಟು ಮಂದಿ ಮುಗಿಸಿದರೆಂಬುದನ್ನು ಎಣಿಸುವವರು ವಿರಳ. 1990ರ ಶಾಸನವೊಂದರ ಪ್ರಕಾರ ಕಾಲೇಜುಗಳು ಈ ಎಣಿಕೆಯನ್ನು ಪ್ರಕಟಿಸಬೇಕಾಗಿ ಬಂದಾಗಲೇ, ಪೂರ್ಣಾವಧಿಗೆ ಸೇರಿದ ಹೊಸ ವಿದ್ಯಾರ್ಥಿಗಳಲ್ಲಿ ಎರಡು ವರ್ಷದ ಓದನ್ನು ಮೂರು ವರ್ಷದಲ್ಲಿಯಾದರೂ ಮುಗಿಸುವವರು ಐವರಿಗೆ ಒಬ್ಬರ ಆಸುಪಾಸಿನಲ್ಲಿದ್ದಾರೆಂಬುದು ದೇಶಕ್ಕೆ ಗೊತ್ತಾದುದು. 2004ರಲ್ಲಿ ‘ಅಚೀವಿಂಗ್ ದ ಡ್ರೀಮ್’ ಎಂಬ ಕಾಲೇಜುಗಳ ಒಕ್ಕೂಟವು ಹುಟ್ಟಿಕೊಂಡಿತು. 2009ರಲ್ಲಿ ಅಧ್ಯಕ್ಷ ಒಬಾಮರು ಮಿಷಿಗನ್ನಿನ ಮೆಕೋಂಬ್ ಸಮುದಾಯ ಕಾಲೇಜಿನಲ್ಲಿ ನಿಂತು, 2020ರೊಳಗಾಗಿ ಇಂಥ ಕಾಲೇಜುಗಳಿಂದ ಇನ್ನೂ 50 ಲಕ್ಷ ಮಂದಿ ಹೆಚ್ಚಾಗಿ ತೇರ್ಗಡೆಯಾಗಬೇಕೆಂಬ ಗುರಿಯನ್ನು ಘೋಷಿಸಿದರು.

ಇಷ್ಟನ್ನು ಪೀಠಿಕೆಯಾಗಿ ಹೇಳಿ, ಈಗ ಮೊದಲನೆಯ ವಿಷಯಕ್ಕೆ ಬರುತ್ತೇನೆ.

ಎಲ್ಲರನ್ನೂ ಸೇರಿಸಿಕೊಳ್ಳುವ ಕಾಲೇಜಿಗೆ, ಕಾಲೇಜಿನ ಗಣಿತವನ್ನೂ ಬರವಣಿಗೆಯನ್ನೂ ಎದುರಿಸುವ ಸಿದ್ಧತೆಯಿಲ್ಲದವರು ಬರುವುದು ಸಹಜ. ಅಂಥವರಿಗಾಗಿ ಕಾಲೇಜುಗಳು ಸಿದ್ಧತಾ ತರಗತಿಗಳನ್ನು ಏರ್ಪಡಿಸಿದುವು. ಉದ್ದೇಶವು ನಿಸ್ಸಂದೇಹವಾಗಿ ಒಳ್ಳೆಯದೇ. ಬಂದ ಮೊದಲ ವಾರದಲ್ಲಿಯೇ ಒಂದು ಪರೀಕ್ಷೆ. ಅದರಲ್ಲಿ ಹಿಂದುಳಿದವನಿಗೆ ಗಣಿತದಲ್ಲಿ ಕೆಲವು ವೇಳೆ ಒಂದರ ಮೇಲೊಂದರಂತೆ ಮೂರು ಸಿದ್ಧತಾ ತರಗತಿಗಳು. ಅವುಗಳಿಗೆ ಫೀಸು ಉಂಟು, ಪದವಿಗೆ ಸಲ್ಲುವ ಕ್ರೆಡಿಟ್ ಇಲ್ಲ. ಇದರ ಪರಿಣಾಮವನ್ನು ಒಂದು ಸಣ್ಣ ಲೆಕ್ಕದಿಂದ ನೋಡೋಣ. ಮೂರು ಸಿದ್ಧತಾ ತರಗತಿಗಳು, ಒಂದು ಕಾಲೇಜು ತರಗತಿ, ಒಟ್ಟು ನಾಲ್ಕು ತೇರ್ಗಡೆಗಳು. ಒಂದನ್ನು ಮುಗಿಸಿ ಮುಂದಿನದಕ್ಕೆ ಹೆಸರು ನೋಂದಾಯಿಸುವ ಸಂದರ್ಭಗಳು ಮೂರು. ಅಂತು ದಾಟಬೇಕಾದ ಮೆಟ್ಟಿಲುಗಳು ಏಳು. ಪ್ರತಿಯೊಂದು ಮೆಟ್ಟಿಲಿನಲ್ಲಿಯೂ ನೂರಕ್ಕೆ 80 ಮಂದಿ ಮುಂದೆ ಹೋದರೆಂದು ಉದಾರವಾಗಿಯೇ ಊಹಿಸಿಕೊಂಡರೂ, ಆರಂಭಿಸಿದ 100 ಮಂದಿಯಲ್ಲಿ ಕಡೆಗೆ ಉಳಿಯುವವರು 21 ಮಂದಿ ಮಾತ್ರ. ಯಾವ ಒಬ್ಬ ಅಧ್ಯಾಪಕನೂ ತನ್ನ ತರಗತಿಯಲ್ಲಿ ಅನರ್ಥವಾಯಿತೆಂದು ಹೇಳಲಾರನು. ಪ್ರತಿಯೊಬ್ಬನ ಫಲಿತಾಂಶವೂ ಚೆನ್ನಾಗಿಯೇ ಇದೆ. ಆದರೂ ಐವರಲ್ಲಿ ನಾಲ್ವರು ಎಲ್ಲಿಯೋ ಕಳೆದುಹೋಗಿದ್ದಾರೆ.

ಇದು ಬರಿಯ ಊಹೆಯ ಲೆಕ್ಕವಲ್ಲವೆಂಬುದಕ್ಕೆ ಪ್ರಮಾಣವೂ ಇದೆ. ಕೊಲಂಬಿಯಾ ವಿಶ್ವವಿದ್ಯಾನಿಲಯದ ಸಮುದಾಯ ಕಾಲೇಜು ಸಂಶೋಧನ ಕೇಂದ್ರದ ಥಾಮಸ್ ಬೇಯ್ಲಿ ಮತ್ತು ಅವರ ಸಹೋದ್ಯೋಗಿಗಳು 57 ಕಾಲೇಜುಗಳ ದಾಖಲೆಗಳನ್ನು ಪರಿಶೀಲಿಸಿ, ಸಿದ್ಧತಾ ತರಗತಿಗಳಿಗೆ ಕಳುಹಿಸಲ್ಪಟ್ಟವರಲ್ಲಿ ಅರ್ಧಕ್ಕಿಂತ ಕಡಮೆ ಮಂದಿ ಮಾತ್ರ ಆ ಸರಣಿಯನ್ನು ಪೂರೈಸುವರೆಂದು ತೋರಿಸಿದರು. ಅದಕ್ಕಿಂತಲೂ ಗಮನಾರ್ಹವಾದುದು ಮತ್ತೊಂದು ಸಂಗತಿ: ತರಗತಿಯಲ್ಲಿ ಕುಳಿತು ನಪಾಸಾದುದರಿಂದ ಹೊರಬಿದ್ದವರಿಗಿಂತ, ಮೊದಲನೆಯ ತರಗತಿಗೋ ಮುಂದಿನ ತರಗತಿಗೋ ಹೆಸರನ್ನೇ ಕೊಡದೆ ಹೊರಬಿದ್ದವರ ಸಂಖ್ಯೆಯೇ ದೊಡ್ಡದು. ಸೋತವರೆಂದು ನಾವು ತಿಳಿದಿದ್ದವರಲ್ಲಿ ಬಹುಮಂದಿ ಪರೀಕ್ಷೆಯಲ್ಲಿ ಸೋತವರೇ ಅಲ್ಲ. 2017ರಲ್ಲಿ ಕ್ಯಾಲಿಫೋರ್ನಿಯಾದ ಶಾಸನಸಭೆಯು ಇದನ್ನು ಮನಗಂಡು, ವಿದ್ಯಾರ್ಥಿಯ ಹೈಸ್ಕೂಲಿನ ಅಂಕಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕೆಂದೂ, ಒಂದು ವರ್ಷದೊಳಗೆ ಅವನು ಕಾಲೇಜು ಮಟ್ಟದ ಗಣಿತವನ್ನೂ ಇಂಗ್ಲಿಷನ್ನೂ ಮುಗಿಸುವ ಸಂಭವವು ಹೆಚ್ಚುವಂತೆ ಅವನ ತರಗತಿಯನ್ನು ನಿರ್ಣಯಿಸಬೇಕೆಂದೂ ವಿಧಿಸಿತು. ಟೆನೆಸಿ ಪ್ರಾಂತವು ಕಾಲೇಜಿನ ಪಾಠದ ಜೊತೆಯಲ್ಲಿಯೇ ಅದಕ್ಕೆ ಬೇಕಾದ ಹೆಚ್ಚಿನ ನೆರವನ್ನು ಕೊಡುವ ಕ್ರಮವನ್ನು ಎಲ್ಲ ಕಡೆಯೂ ಜಾರಿಗೆ ತಂದಿತು. ಇದರಿಂದ ಶಿಕ್ಷಣದ ಮಟ್ಟ ಇಳಿಯುವುದೆಂದು ಕಳವಳಗೊಂಡ ಗಣಿತದ ಅಧ್ಯಾಪಕರಿದ್ದಾರೆ. ಅವರ ಕಳವಳವನ್ನು ತಳ್ಳಿಹಾಕತಕ್ಕುದಲ್ಲ. ನಿಜವಾಗಿ ಗಣಿತದ ಬುನಾದಿಯೇ ಇಲ್ಲದ ವಿದ್ಯಾರ್ಥಿಯನ್ನು ಮೇಲಿನ ತರಗತಿಯಲ್ಲಿ ಕೂರಿಸಿ, ಕೊಡಬೇಕಾದ ನೆರವನ್ನು ಕೊಡದೆ ಬಿಟ್ಟರೆ, ಹಳೆಯ ಅನ್ಯಾಯಕ್ಕೆ ಬದಲಾಗಿ ಹೊಸದೊಂದು ಅನ್ಯಾಯವನ್ನು ಮಾಡಿದಂತಾಗುತ್ತದೆ.

ಎರಡನೆಯ ವಿಷಯವನ್ನು ಬೇಗನೆ ಮುಗಿಸಬಹುದು. ಎರಡು ವರ್ಷದ ಪದವಿಗೆ ಸಾಮಾನ್ಯವಾಗಿ 60 ಕ್ರೆಡಿಟ್‌ಗಳು ಸಾಕು. ಕ್ಯಾಲಿಫೋರ್ನಿಯಾದಲ್ಲಿ ಆ ಪದವಿಯನ್ನು ಪಡೆದವರು ಸರಾಸರಿ 87 ಕ್ರೆಡಿಟ್‌ಗಳಷ್ಟು ಪಾಠವನ್ನು ಓದಿದ್ದರೆಂದು ಅಲ್ಲಿಯ ಆಡಳಿತವೇ ಲೆಕ್ಕಹಾಕಿತು. ಹೆಚ್ಚುವರಿ 27 ಕ್ರೆಡಿಟ್‌ಗಳೆಂದರೆ ಸುಮಾರು ಒಂದು ವರ್ಷದ ಕಾಲ, ಹಣ, ಆಯಾಸ. ಜ್ಞಾನದಾಹದಿಂದ ಓದಿದ್ದರೆ ಸಂತೋಷಪಡಬಹುದಾಗಿತ್ತು. ಆದರೆ ಬಹುಮಟ್ಟಿಗೆ ಅದು ಯಾವ ಪಾಠ ಯಾವ ಪದವಿಗೆ ಸಲ್ಲುವುದು, ಯಾವುದನ್ನು ಮುಂದಿನ ವಿಶ್ವವಿದ್ಯಾನಿಲಯ ಒಪ್ಪುವುದು ಎಂಬುದು ತಿಳಿಯದೆ ಅಲೆದ ಅಲೆದಾಟ. ತಂದೆತಾಯಿಗಳು ಕಾಲೇಜಿನ ಮೆಟ್ಟಿಲನ್ನೇ ಹತ್ತದ ಮನೆಯಿಂದ ಬಂದವನಿಗೆ ಈ ಜಟಿಲತೆಯನ್ನು ಬಿಡಿಸಿ ಹೇಳುವವರು ಮನೆಯಲ್ಲಿ ಯಾರೂ ಇರುವುದಿಲ್ಲ. ಬೇಯ್ಲಿಯವರೂ ಶಾನಾ ಜಾಗರ್ಸ್, ಡೇವಿಸ್ ಜೆಂಕಿನ್ಸ್ ಎಂಬವರೂ 2015ರಲ್ಲಿ ಪ್ರಕಟಿಸಿದ ಗ್ರಂಥವೊಂದರಲ್ಲಿ, ನೂರಾರು ಪಾಠಗಳನ್ನು ಹರವಿಟ್ಟು ಬೇಕಾದುದನ್ನು ಆರಿಸಿಕೋ ಎನ್ನುವ ಕ್ರಮವನ್ನು ಬಿಟ್ಟು, ಆರೋಗ್ಯ, ವಾಣಿಜ್ಯ, ವಿಜ್ಞಾನವೆಂಬಂತೆ ಕೆಲವೇ ವಿಶಾಲವಾದ ವಿಭಾಗಗಳನ್ನು ಮಾಡಿ, ಪ್ರತಿಯೊಂದರಲ್ಲಿಯೂ ಯಾವ ಅವಧಿಗೆ ಯಾವ ಪಾಠವೆಂಬ ಸ್ಪಷ್ಟವಾದ ನಕ್ಷೆಯನ್ನು ಕೊಡಬೇಕೆಂದು ವಾದಿಸಿದರು. ಫ್ಲಾರಿಡಾದ ಆರ್ಲಾಂಡೋವಿನ ವೆಲೆನ್ಸಿಯಾ ಕಾಲೇಜು, ನೆರೆಯ ಸೆಂಟ್ರಲ್ ಫ್ಲಾರಿಡಾ ವಿಶ್ವವಿದ್ಯಾನಿಲಯದೊಡನೆ ಒಪ್ಪಂದ ಮಾಡಿಕೊಂಡು, ತನ್ನಲ್ಲಿ ಪದವಿ ಮುಗಿಸಿದವನಿಗೆ ಅಲ್ಲಿ ಪ್ರವೇಶ ಖಂಡಿತವೆಂಬ ವಾಗ್ದಾನವನ್ನು ಕೊಟ್ಟಿತು; 2011ರಲ್ಲಿ ಆಸ್ಪೆನ್ ಸಂಸ್ಥೆಯು ಶ್ರೇಷ್ಠ ಸಮುದಾಯ ಕಾಲೇಜಿಗೆ ಕೊಡುವ ಬಹುಮಾನವು ಮೊತ್ತಮೊದಲು ಆ ಕಾಲೇಜಿಗೇ ಸಂದಿತು. ಇಂಥ ವಾಗ್ದಾನ ಎಷ್ಟು ಅವಶ್ಯವೆಂಬುದು, 2007ರಲ್ಲಿ ಸಮುದಾಯ ಕಾಲೇಜುಗಳಿಗೆ ಸೇರಿದವರಲ್ಲಿ ಆರು ವರ್ಷದೊಳಗೆ ನಾಲ್ಕು ವರ್ಷದ ಪದವಿಯನ್ನು ಪಡೆದವರು ನೂರಕ್ಕೆ 14 ಮಂದಿ ಮಾತ್ರವೆಂಬುದರಿಂದ ವಿದಿತವಾಗುತ್ತದೆ. ಸೇರುವಾಗ ಬಹುಪಾಲು ಮಂದಿ ಬಯಸಿದ್ದುದು ಆ ಪದವಿಯನ್ನೇ.

ಇನ್ನು ಮೂರನೆಯ ವಿಷಯಕ್ಕೆ ಬರೋಣ. ಇದರಲ್ಲಿ ಸ್ವಲ್ಪ ಹೊತ್ತು ನಿಲ್ಲಲು ತಮ್ಮ ಅನುಮತಿಯನ್ನು ಬೇಡುತ್ತೇನೆ.

2007ರಲ್ಲಿ ನ್ಯೂಯಾರ್ಕಿನ ನಗರ ವಿಶ್ವವಿದ್ಯಾನಿಲಯವು ತನ್ನ ಸಮುದಾಯ ಕಾಲೇಜುಗಳಲ್ಲಿ ‘ಎಎಸ್‌ಎಪಿ’ ಎಂಬ ಯೋಜನೆಯನ್ನು ಆರಂಭಿಸಿತು. ಸೇರಿದವರಲ್ಲಿ ಅರ್ಧದಷ್ಟು ಮಂದಿಯಾದರೂ ಮೂರು ವರ್ಷಗಳಲ್ಲಿ ಪದವಿ ಪಡೆಯಬೇಕೆಂಬುದು ಅದರ ಗುರಿ. ವಿದ್ಯಾರ್ಥಿವೇತನವು ತುಂಬದೆ ಬಿಟ್ಟ ಫೀಸನ್ನು ಮನ್ನಾ ಮಾಡುವುದು. ಪಠ್ಯಪುಸ್ತಕಗಳನ್ನು ಉಚಿತವಾಗಿ ಕೊಡುವುದು. ಸಲಹೆಗಾರರನ್ನು ಪದೇ ಪದೇ ಕಾಣುವ ನಿಯಮ. ಒಂದೇ ಹೊತ್ತಿಗೆ ಹೊಂದುವಂತೆ ಜೋಡಿಸಿದ ತರಗತಿಗಳು. ಇವೆಲ್ಲದರ ಜೊತೆಗೆ ನಗರದ ಬಸ್ಸಿಗೂ ನೆಲದಡಿಯ ರೈಲಿಗೂ ಸಲ್ಲುವ ಒಂದು ತಿಂಗಳ ಮೆಟ್ರೋಕಾರ್ಡು. ನಿಯಮದಂತೆ ನಡೆದುಕೊಂಡವನಿಗೆ ತಿಂಗಳು ತಿಂಗಳೂ ಕಾರ್ಡು ಕೈಗೆ ಬರುತ್ತಿತ್ತು. ನೋಡುವುದಕ್ಕೆ ಇದು ಕ್ಷುಲ್ಲಕವೆನಿಸಬಹುದು. ಆದರೆ ಬ್ರಾಂಕ್ಸಿನಿಂದಲೋ ಬ್ರೂಕ್ಲಿನ್ನಿನಿಂದಲೋ ದಿನವೂ ಪ್ರಯಾಣಮಾಡಬೇಕಾದ ಹುಡುಗಿಗೆ ತಿಂಗಳ ಕಡೆಯ ವಾರದಲ್ಲಿ ತರಗತಿ ತಪ್ಪುವುದು ಬೀಜಗಣಿತ ಅರ್ಥವಾಗದೆಯೋ, ರೈಲಿನ ಕಾಸಿಲ್ಲದೆಯೋ ಎಂಬುದನ್ನು ಹಾಜರಿ ಪುಸ್ತಕವು ಹೇಳುವುದಿಲ್ಲ.

ಎಂಡಿಆರ್‌ಸಿ ಎಂಬ ಸಂಶೋಧನ ಸಂಸ್ಥೆಯು ಮೂರು ಕಾಲೇಜುಗಳಲ್ಲಿ 896 ಮಂದಿ ಬಡ ವಿದ್ಯಾರ್ಥಿಗಳನ್ನು ಚೀಟಿಯೆತ್ತಿದಂತೆ ಎರಡು ಗುಂಪುಗಳಾಗಿ ವಿಂಗಡಿಸಿ, ಒಂದು ಗುಂಪಿಗೆ ಈ ಯೋಜನೆಯನ್ನೂ ಇನ್ನೊಂದಕ್ಕೆ ಕಾಲೇಜಿನ ಎಂದಿನ ನೆರವನ್ನೂ ಒದಗಿಸಿತು. ಎಲ್ಲರೂ ಒಂದೆರಡು ಸಿದ್ಧತಾ ತರಗತಿಗಳು ಬೇಕಾಗಿದ್ದವರೇ. ಮೂರು ವರ್ಷಗಳ ಕಡೆಗೆ ಮೊದಲನೆಯ ಗುಂಪಿನಲ್ಲಿ ನೂರಕ್ಕೆ 40 ಮಂದಿ ಪದವೀಧರರಾದರು. ಎರಡನೆಯದರಲ್ಲಿ 22 ಮಂದಿ. ಮಕ್ಕಳು ಒಂದೇ ಬಗೆಯವರು, ಅಧ್ಯಾಪಕರು ಬಹುಮಟ್ಟಿಗೆ ಅವರೇ, ಪರೀಕ್ಷೆಗಳೂ ಅವೇ. ಯೋಜನೆಯ ಸಲಹೆಗಾರರೊಬ್ಬರ ಪಾಲಿಗೆ 60ರಿಂದ 80 ಮಂದಿ ವಿದ್ಯಾರ್ಥಿಗಳಿದ್ದರೆ, ಉಳಿದವರ ಸಲಹೆಗಾರರೊಬ್ಬರಿಗೆ 600ರಿಂದ 1,500 ಮಂದಿಯಿದ್ದರು. ಹೆಸರನ್ನೂ ಮುಖವನ್ನೂ ನೆನಪಿಟ್ಟುಕೊಳ್ಳಬಲ್ಲ ಒಬ್ಬರು ಇರುವುದಕ್ಕೂ ಇಲ್ಲದಿರುವುದಕ್ಕೂ ನಡುವೆ ಎಷ್ಟು ಅಂತರವೆಂಬುದನ್ನು ಅಂಕಿಗಳಲ್ಲಿ ಇಷ್ಟು ಸ್ಪಷ್ಟವಾಗಿ ತೋರಿಸಿಕೊಟ್ಟ ಪ್ರಯೋಗಗಳು ಬಹಳವಿಲ್ಲ. ಓಹಾಯೋ ಪ್ರಾಂತದ ಮೂರು ಕಾಲೇಜುಗಳಲ್ಲಿ ಇದನ್ನೇ ಮತ್ತೆ ನಡೆಸಿ ನೋಡಿದಾಗಲೂ ಫಲವು ಹೀಗೆಯೇ ಬಂದಿತು. ಖರ್ಚು ಹೆಚ್ಚೆಂಬ ಆಕ್ಷೇಪಣೆಯುಂಟು. ನ್ಯೂಯಾರ್ಕಿನ ಪ್ರಯೋಗದಲ್ಲಿ ತಲಾ ಒಬ್ಬ ವಿದ್ಯಾರ್ಥಿಗೆ ನೂರಕ್ಕೆ 60ರಷ್ಟು ಅಧಿಕ ವೆಚ್ಚವಾದುದು ನಿಜ. ಆದರೆ ತೇರ್ಗಡೆಯಾದವರು ಸುಮಾರು ಇಮ್ಮಡಿಯಾದುದರಿಂದ, ಒಂದು ಪದವಿಗೆ ಬಿದ್ದ ವೆಚ್ಚವು ಹಿಂದಿಗಿಂತ ಕಡಮೆಯಾಯಿತು.

ವಾರಾನ್ನವನ್ನು ಉಂಡು ಓದಿದ ಹಿರಿಯರ ಕಥೆಗಳನ್ನು ಕೇಳಿ ಬೆಳೆದ ನಾಡಿನವರಾದ ನಮಗೆ ಇದು ಅಪರಿಚಿತವಾದ ತತ್ತ್ವವೇನಲ್ಲ. ಸೋಮವಾರ ಒಂದು ಮನೆ, ಮಂಗಳವಾರ ಇನ್ನೊಂದು ಮನೆ ಎಂದು ಊಟಕ್ಕೆ ಗೊತ್ತುಮಾಡಿಕೊಂಡು ಹೈಸ್ಕೂಲು, ಕಾಲೇಜುಗಳನ್ನು ಮುಗಿಸಿದ ತಲೆಮಾರುಗಳು ನಮ್ಮಲ್ಲಿ ಆಗಿಹೋಗಿವೆ. ಆ ಪದ್ಧತಿಗೆ ಜಾತಿಯ ಬೇಲಿಯಿತ್ತು. ಬೇಲಿಯ ಹೊರಗಿದ್ದವರಿಗೆ ಅನ್ನವನ್ನೂ ನೆಲೆಯನ್ನೂ ಒದಗಿಸಿದುವು ಮಠಗಳೂ ಸಮಾಜಸೇವಕರೂ ಸರ್ಕಾರವೂ ಅನಂತರ ಕಟ್ಟಿದ ಉಚಿತ ವಿದ್ಯಾರ್ಥಿನಿಲಯಗಳು. ಟೆಕ್ಸಾಸಿನ ಅಮರಿಲ್ಲೋ ಕಾಲೇಜಿನ ವರದಿಗಳನ್ನು ಓದುವಾಗ ನನಗೆ ಇವೆಲ್ಲವೂ ನೆನಪಿಗೆ ಬರುತ್ತವೆ. ಆ ಕಾಲೇಜಿನವರು ತಮ್ಮ ದಾಖಲೆಗಳನ್ನು ಪರಿಶೀಲಿಸಿ, ತಮ್ಮಲ್ಲಿ ಓದುವ ಸಾಮಾನ್ಯ ವಿದ್ಯಾರ್ಥಿ ಯಾರೆಂಬುದಕ್ಕೆ ಒಂದು ಚಿತ್ರವನ್ನು ರಚಿಸಿಕೊಂಡು, ಆಕೆಗೆ ಮರಿಯಾ ಎಂದು ಹೆಸರಿಟ್ಟರು. ಮರಿಯಾ ಮಗುವಿನ ತಾಯಿ. ಎರಡು ಕಡೆ ದುಡಿಯುವವಳು. ಮನೆತನದಲ್ಲಿ ಕಾಲೇಜಿಗೆ ಬಂದವರಲ್ಲಿ ಮೊದಲಿಗಳು. ಪೂರ್ಣಾವಧಿ ಓದಲು ಅನುಕೂಲವಿಲ್ಲದವಳು. ಯಾವ ನಿಯಮವನ್ನು ಮಾಡುವಾಗಲೂ ಇದು ಮರಿಯಾಳಿಗೆ ಒಗ್ಗುವುದೆ ಎಂದು ಕೇಳಿಕೊಳ್ಳುವ ಅಭ್ಯಾಸವನ್ನು ಅವರು ಬೆಳೆಸಿಕೊಂಡರು. ಕಾಲೇಜಿನೊಳಗೇ ಆಹಾರ ಸಾಮಗ್ರಿಗಳ ಉಗ್ರಾಣವೊಂದನ್ನು ತೆರೆದರು; ಸಮಾಜಕಾರ್ಯದಲ್ಲಿ ತರಬೇತಿ ಹೊಂದಿದವರನ್ನು ನೇಮಿಸಿದರು; ಬಾಡಿಗೆ ಕಟ್ಟಲಾರದೆಯೋ ಗಾಡಿ ಕೆಟ್ಟುಹೋಗಿಯೋ ಓದು ನಿಲ್ಲುವಂತಾದಾಗ ಸಕಾಲದಲ್ಲಿ ಕೈಗೆ ಬರುವ ಸಹಾಯಧನವನ್ನು ಏರ್ಪಡಿಸಿದರು. 2023ರಲ್ಲಿ ಆಸ್ಪೆನ್ ಬಹುಮಾನವನ್ನು ಹಂಚಿಕೊಂಡ ಎರಡು ಕಾಲೇಜುಗಳಲ್ಲಿ ಅದೂ ಒಂದು.

ಕಡೆಯದಾಗಿ, ಗುರಿಗಳನ್ನು ಅಂಕಿಗಳಲ್ಲಿ ಬರೆಯುವ ವಿಚಾರ. ಕ್ಯಾಲಿಫೋರ್ನಿಯಾದ ಸಮುದಾಯ ಕಾಲೇಜುಗಳ ಆಡಳಿತ ಮಂಡಲಿಯು 2017ರಲ್ಲಿ ಅಂಗೀಕರಿಸಿದ ಗುರಿಗಳು ಈ ದೃಷ್ಟಿಯಿಂದ ಅಭ್ಯಾಸಯೋಗ್ಯವಾದುವು. ಪದವಿ ಅಥವಾ ಸರ್ಟಿಫಿಕೇಟು ಪಡೆಯುವವರ ಸಂಖ್ಯೆ ನೂರಕ್ಕೆ 20ರಷ್ಟು ಹೆಚ್ಚಬೇಕು. ವಿಶ್ವವಿದ್ಯಾನಿಲಯಗಳಿಗೆ ವರ್ಗವಾಗುವವರು ನೂರಕ್ಕೆ 35ರಷ್ಟು ಹೆಚ್ಚಬೇಕು. ಸರಾಸರಿ ಕ್ರೆಡಿಟ್‌ಗಳು 87ರಿಂದ 79ಕ್ಕೆ ಇಳಿಯಬೇಕು. ವೃತ್ತಿಶಿಕ್ಷಣ ಪಡೆದು ಹೋದವರಲ್ಲಿ ಕಲಿತ ಕೆಲಸವನ್ನೇ ಮಾಡುವವರು ನೂರಕ್ಕೆ 60ರಿಂದ 69ಕ್ಕೆ ಏರಬೇಕು. ಜನವರ್ಗಗಳ ನಡುವಣ ಅಂತರವು ಐದು ವರ್ಷಗಳಲ್ಲಿ ನೂರಕ್ಕೆ 40ರಷ್ಟು ಕುಗ್ಗಿ, ಹತ್ತು ವರ್ಷಗಳಲ್ಲಿ ನಿಶ್ಶೇಷವಾಗಬೇಕು. ಇವುಗಳಲ್ಲಿ ಕಡೆಯದೇ ನನ್ನ ಮನಸ್ಸಿಗೆ ಅತ್ಯಂತ ಮುಖ್ಯವಾದುದು. ಏಕೆಂದರೆ ಮಿಕ್ಕ ಗುರಿಗಳನ್ನೆಲ್ಲ ಈಗಾಗಲೇ ಅನುಕೂಲವಂತರಾದ ವಿದ್ಯಾರ್ಥಿಗಳನ್ನು ಇನ್ನಷ್ಟು ಸೇರಿಸಿಕೊಂಡೇ ಮುಟ್ಟಿಬಿಡಬಹುದು. ಕಡೆಯದನ್ನು ಹಾಗೆ ಮುಟ್ಟಲಾಗದು.

ಆ ಅಪಾಯವು ಕಲ್ಪಿತವಾದುದಲ್ಲ. ವಾಷಿಂಗ್ಟನ್ ಪ್ರಾಂತದಲ್ಲಿ ಫಲಿತಾಂಶಕ್ಕೆ ತಕ್ಕಂತೆ ಕಾಲೇಜುಗಳಿಗೆ ಹಣ ಕೊಡುವ ಪದ್ಧತಿಯು ಬಂದ ಮೇಲೆ, ಎರಡು ವರ್ಷದ ಪದವಿಗಳು ಹೆಚ್ಚಲಿಲ್ಲವೆಂದೂ ಅಲ್ಪಾವಧಿಯ ಸರ್ಟಿಫಿಕೇಟುಗಳು ಮಾತ್ರ ಹೆಚ್ಚಿದುವೆಂದೂ ಸಂಶೋಧಕರು ಕಂಡುಕೊಂಡಿದ್ದಾರೆ. ಲೆಕ್ಕವು ತುಂಬಿತು, ವಿದ್ಯಾರ್ಥಿಯ ಬಾಳು ತುಂಬಿತೋ ಇಲ್ಲವೋ ಯಾರೂ ಕೇಳಲಿಲ್ಲ. ಆದುದರಿಂದ ಎಷ್ಟು ಮಂದಿ ಹೊರಗೆ ಹೋದರೆಂಬುದನ್ನು ಎಣಿಸುವಾಗ, ಯಾರು ಒಳಗೆ ಬಂದಿದ್ದರೆಂಬುದನ್ನೂ, ಹೋದವರು ಏನನ್ನು ಕಲಿತು ಹೋದರೆಂಬುದನ್ನೂ ಅದೇ ಹಾಳೆಯ ಮೇಲೆ ಬರೆಯಬೇಕೆಂಬುದು ನನ್ನ ದೃಢವಾದ ನಂಬಿಕೆ. ನಮ್ಮ ದೇಶದಲ್ಲಿಯೂ 2013ರಿಂದೀಚೆಗೆ ವಿಶ್ವವಿದ್ಯಾನಿಲಯ ಧನಸಹಾಯ ಆಯೋಗದ ಯೋಜನೆಯಂತೆ ಸಮುದಾಯ ಕಾಲೇಜುಗಳು ಬಂದಿರುವುದರಿಂದ, ಈ ಎಚ್ಚರಿಕೆಯು ಇಲ್ಲಿಯ ಆಡಳಿತಗಾರರಿಗೂ ಸಲ್ಲುತ್ತದೆ.

ಇಲ್ಲಿ ಇನ್ನೊಂದು ಮಾತನ್ನು ಸೇರಿಸಬೇಕಾಗಿದೆ. ನಾನು ಮೊದಲು ಹೇಳಿದ 1990ರ ಶಾಸನದ ಎಣಿಕೆಯಲ್ಲಿ ಸೇರುವವರು ಪೂರ್ಣಾವಧಿಯ ವಿದ್ಯಾರ್ಥಿಗಳು ಮಾತ್ರ. ಎಎಸ್‌ಎಪಿ ಯೋಜನೆಯೂ ಪೂರ್ಣಾವಧಿಗೆ ಸೇರಿದವರಿಗಾಗಿಯೇ ರಚಿತವಾದುದು. ಸಮುದಾಯ ಕಾಲೇಜಿನಲ್ಲಿ ಓದುವವರಲ್ಲಾದರೋ ಅರ್ಧಕ್ಕಿಂತ ಹೆಚ್ಚು ಮಂದಿ ದುಡಿಯುತ್ತ, ಬಿಡುವಾದಷ್ಟು ಓದುವವರು. ಇವರನ್ನು ಬಿಟ್ಟು ಹಾಕಿಕೊಂಡ ಗುರಿ ಎಷ್ಟೇ ಉನ್ನತವಾದರೂ ಅಪೂರ್ಣವೇ ಸರಿ. ಅಮರಿಲ್ಲೋ ಕಾಲೇಜು ಈ ದಿಕ್ಕಿನಲ್ಲಿ ಮಾಡಿದ ಒಂದು ಮಾರ್ಪಾಟು ನನಗೆ ಬಹಳ ಹಿಡಿಸಿದೆ. ಹದಿನಾರು ವಾರಗಳ ಅವಧಿಯಲ್ಲಿ ನಾಲ್ಕು ಪಾಠಗಳನ್ನು ಒಟ್ಟಿಗೆ ಹೇಳುವುದಕ್ಕೆ ಬದಲಾಗಿ, ಎಂಟೆಂಟು ವಾರಗಳ ಎರಡು ಅವಧಿಗಳನ್ನು ಮಾಡಿ, ಒಂದೊಂದರಲ್ಲಿ ಎರಡೇ ಪಾಠಗಳನ್ನು ಹೇಳುವ ಕ್ರಮವನ್ನು ಅವರು ಬಹುಪಾಲು ತರಗತಿಗಳಿಗೆ ಅನ್ವಯಿಸಿದರು. ಅಧ್ಯಾಪಕರು ತಮ್ಮ ಪಾಠಗಳನ್ನೆಲ್ಲ ಹೊಸದಾಗಿ ರಚಿಸಿಕೊಳ್ಳಬೇಕಾಯಿತು; ವೇಳಾಪಟ್ಟಿ, ಪರೀಕ್ಷೆ, ಗ್ರಂಥಾಲಯದ ವೇಳೆಗಳೆಲ್ಲವೂ ಬದಲಾಗಬೇಕಾಯಿತು. ಆದರೆ ಮಗುವಿಗೆ ಜ್ವರ ಬಂದು ಕೆಲವು ದಿನ ಬರಲಾಗದೆ ಹೋದ ತಾಯಿಯೊಬ್ಬಳು ಈಗ ಕಳೆದುಕೊಳ್ಳುವುದು ಹೆಚ್ಚೆಂದರೆ ಎರಡು ಪಾಠಗಳನ್ನು. ಮುಗಿಸಿದ ಎರಡು ಆಕೆಯ ಲೆಕ್ಕದಲ್ಲಿ ಉಳಿದಿರುತ್ತವೆ, ಮತ್ತೆ ಸೇರಿಕೊಳ್ಳುವ ದಿನವೂ ಎಂಟು ವಾರಗಳೊಳಗೇ ಬರುತ್ತದೆ.